ಆಮೆ ಕುಕ್ಕರಿನ ಪಾಸ್ತಾ ಸೂಪು

ನಮ್ಮಮ್ಮ ಅಡುಗೆ ಮಾಡುತ್ತಿದ್ದ ಹಂಡೆ ಎಷ್ಟು ದೊಡ್ಡದೆಂದರೆ, ಒಮ್ಮೆ ಅದರೊಳಗೆ ಬಿದ್ದ ಸೌಟು ಹುಡುಕಲು ಇಳಿದ ಇಬ್ಬರು ಆಳುಗಳು ದಾರಿ ತಪ್ಪಿ, ಸಂಜೆ ಪಾಳಿಯವರ ತಟ್ಟೆಯಲ್ಲಿ ಸಿಕ್ಕಿದರಂತೆ. ಅದನ್ನು ನಾನು ಕಣ್ಣಾರೆ ಕಂಡಿಲ್ಲ. ಆದರೆ ಆ ಹಂಡೆ ತೊಳೆಯಲು ಏಣಿ ಹಾಕುತ್ತಿದ್ದದ್ದನ್ನು ಕಂಡಿದ್ದೇನೆ. ಬಟ್ಟೆ ಗಿರಣಿಯ ಕ್ಯಾಂಟೀನು ಅದು. ಮೂರು ಪಾಳಿಯ ಜನಕ್ಕೆ ಬೇಯಿಸಿ ಬಡಿಸಿದ ಕೈ ನಮ್ಮಮ್ಮನದು. ಗಿರಣಿ ಮುಚ್ಚಿತು, ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ. ಅಮ್ಮನ ಕೈ ಮಾತ್ರ ಮುಚ್ಚಲಿಲ್ಲ. ತಲೆ ಮುಚ್ಚತೊಡಗಿತು.

ಡಾಕ್ಟರು ಆ ಕಾಯಿಲೆಗೆ ಗೂಡ್ಸ್ ರೈಲಿನಷ್ಟು ಉದ್ದದ ಹೆಸರು ಹೇಳಿದರು. ನನಗೆ ಇಂಜಿನ್ ನೆನಪಿದೆ, ಡಬ್ಬಿಗಳು ಮರೆತುಹೋದವು. "ಒಂಟಿಯಾಗಿ ಬಿಡಬೇಡಿ" ಎಂದರು. ಬಿಡದೆ ಏನು ಮಾಡುವುದು? ನಾನು ಎತ್ತರದ ಕಟ್ಟಡಗಳಿಗೆ ಹಗ್ಗದಲ್ಲಿ ನೇತಾಡಿಕೊಂಡು ಬಣ್ಣ ಹೊಡೆಯುವವನು. ಹೆಂಡತಿ ಶೂ ಕಾರ್ಖಾನೆಯಲ್ಲಿ ಹೊಲಿಗೆ ಮೆಷಿನ್ ಮೇಲೆ ಕೂರುವವಳು; ಅಲ್ಲಿ ಫೋನ್ ಮುಟ್ಟಿದರೆ ಗೇಟು ತೋರಿಸುತ್ತಾರೆ. ಮಗಳು, ಮನೆಯಲ್ಲಿ ಅವಳನ್ನು ಚೂಟಿ ಅಂತೀವಿ, ಪಾತ್ರೆ ಅಂಗಡಿಯ ಕೌಂಟರಿನಲ್ಲಿ. ಬೆಳಿಗ್ಗೆ ಮೂವರೂ ಮನೆ ಬಿಟ್ಟರೆ ಅಮ್ಮನ ಜೊತೆ ಇರುವುದು ಗೋಡೆ ಗಡಿಯಾರ ಒಂದೇ.

ಒಂದು ದಿನ ಅಮ್ಮ ಬಾಣಲೆಗೆ ಎಣ್ಣೆ ಹಾಕಿ ಒಲೆ ಹಚ್ಚಿ, ಪಾಳಿಗೆ ಹೊತ್ತಾಯಿತೆಂದು ಕಾರು ನಿಲ್ಲಿಸುವ ಜಾಗಕ್ಕೆ ನಡೆದುಬಿಟ್ಟಳು. ಅಡುಗೆಮನೆ ಪರದೆ ಬೂದಿಯಾಯಿತು, ಕಪಾಟಿನ ಬಾಗಿಲು ಸುಟ್ಟುಹೋಯಿತು. ಕೆಳಗಿನ ಮನೆಯಲ್ಲಿರುವ ಓನರ್ ಬಕೆಟ್ ಹಿಡಿದು ಓಡಿಬಂದ. ಆ ಮನುಷ್ಯ ತರಕಾರಿ ಮಂಡಿಯಲ್ಲಿ ಹರಾಜು ಕೂಗಿ ಕೂಗಿ ನಿವೃತ್ತನಾದವನು. ನಮ್ಮ ಬಾಯಲ್ಲಿ ಅವನ ಹೆಸರೇ ಹರಾಜು. ಅವನು ಪಿಸುಗುಟ್ಟಿದರೂ ಪಕ್ಕದ ಬೀದಿಯ ನಾಯಿ ಏಳುತ್ತದೆ.

"ಇದೇ ಕೊನೆ ಕಣಪ್ಪ," ಎಂದ. "ಇನ್ನೊಂದ್ ಸಲ ಹೊಗೆ ಬಂದ್ರೆ ಮನೆ ಖಾಲಿ."

ಅವತ್ತಿನಿಂದ ಹೆಂಡತಿ ಕೆಲಸಕ್ಕೆ ಹೊರಡುವಾಗ ಗ್ಯಾಸ್ ಒಲೆಯ ತಿರುಗುಣಿಗಳನ್ನೆಲ್ಲ ಕಿತ್ತು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು ಹೋಗತೊಡಗಿದಳು. ಬಸ್ಸಿನಲ್ಲಿ ಚಿಲ್ಲರೆ ತೆಗೆಯಲು ಹೋದರೆ ಒಲೆಯ ಕಿವಿ ಕೈಗೆ ಬರುತ್ತಿತ್ತು.

ಆದರೆ ಅಡುಗೆ ಇಲ್ಲದ ಮನೆಯಲ್ಲಿ ಅಮ್ಮ ನಿಲ್ಲುತ್ತಿರಲಿಲ್ಲ. ಕೈಗೆ ಕೆಲಸ ಇಲ್ಲವೆಂದರೆ ಕಾಲಿಗೆ ಕೆಲಸ. ಒಮ್ಮೆ ಬಸ್ ನಿಲ್ದಾಣದಲ್ಲಿ ಸಿಕ್ಕಳು, ಒಮ್ಮೆ ರಸ್ತೆ ಮಧ್ಯದ ಕಟ್ಟೆ ಮೇಲೆ. ಅವಳನ್ನು ಕರೆತರಲು ಹೆಂಡತಿ ಎರಡು ಸಲ ಮೆಷಿನ್ ಬಿಟ್ಟು ಬಂದಳು. ಸೂಪರ್‌ವೈಸರ್ ಹೇಳಿದನಂತೆ, ಮೂರನೇ ಸಲ ಬರುವಾಗ ಊಟದ ಡಬ್ಬಿಯನ್ನೂ ಜೊತೆಗೇ ತಗೊಂಡು ಹೋಗಿ ಅಂತ.

"ರೀ, ಊರಾಚೆ ವಯಸ್ಸಾದೋರ ಹೋಮ್‌ನಲ್ಲಿ ಅತ್ತೆ ಹೆಸರು ಬರೆಸಿದೀನಿ," ಎಂದಳು ಊಟಕ್ಕೆ ಕೂತಾಗ. "ತಿಂಗಳ ಕೊನೇಲಿ ಒಂದು ಹಾಸಿಗೆ ಖಾಲಿಯಾಗತ್ತಂತೆ."

"ನನ್ನ ಕೇಳ್ದೆ?"

"ಕೇಳಿದ್ರೆ ನೀವು ಒಂದು ಕಥೆ ಹೇಳ್ತಿದ್ರಿ. ಹಂಡೆ, ಏಣಿ ಅಂತ."

ಮೂವರೂ ಅಮ್ಮನನ್ನು ಕರೆದುಕೊಂಡು ಹೋಮ್ ನೋಡಿಬಂದೆವು. ಸ್ವಚ್ಛ ಜಾಗ. ಗೇಟಿಗೆ ಬೀಗ, ಅಡುಗೆಮನೆಗೂ ಬೀಗ. ಮುದುಕರೆಲ್ಲ ಗೋಡೆಗೆ ನೇತುಹಾಕಿದ ಟೀವಿಗೆ ಮುಖ ಮಾಡಿ ಕೂತಿದ್ದರು. ಅಮ್ಮ ಸೆರಗು ಸಿಕ್ಕಿಸಿಕೊಂಡು, "ಇಲ್ಲಿ ಒಲೆ ಎಷ್ಟು?" ಎಂದು ಕೇಳಿದಳು.

"ನೀವೇನೂ ಮಾಡೋ ಹಾಗಿಲ್ಲ ಅಜ್ಜಿ. ಸುಮ್ನೆ ಕೂತಿರಿ, ಅಷ್ಟೇ," ಎಂದಳು ಅಲ್ಲಿನ ಹುಡುಗಿ ನಗುತ್ತ. ಒಳ್ಳೆಯ ಹುಡುಗಿಯೇ.

ಬರುವಾಗ ಬಸ್ಸಿನಲ್ಲಿ ಅಮ್ಮ ನನ್ನ ತೋಳು ಹಿಡಿದಳು. "ಮಗಾ, ನಾನೇನು ತಪ್ಪು ಮಾಡ್ದೆ? ಸುಮ್ನೆ ಕೂತಿರು ಅಂದ್ಬಿಟ್ಲಲ್ಲ ಆ ಹುಡುಗಿ?"

ಹಗ್ಗ ಅರ್ಧ ಹರಿದಾಗಲೂ ನಾನು ಮೇಲಿಂದ ಜೋಕು ಹೊಡೆದವನು. ಅವತ್ತು ಕಿಟಕಿಯಾಚೆಯ ಅಂಗಡಿ ಬೋರ್ಡುಗಳನ್ನು ಓದುತ್ತ ಕೂತೆ.

ಚೂಟಿ ಆ ವಾರ ಅಂಗಡಿಯಿಂದ ಒಂದು ಡಬ್ಬ ಹೊತ್ತುಕೊಂಡು ಬಂದಳು. ಒಳಗೆ ಮಣ್ಣಿನ ಬಣ್ಣದ ದಪ್ಪ ಪಾತ್ರೆ, ಗಾಜಿನ ಮುಚ್ಚಳ, ಕರೆಂಟಿನ ವೈರು.

"ಸ್ಲೋ ಕುಕ್ಕರ್ ಅಪ್ಪ. ಬೆಂಕಿ ಇಲ್ಲ, ಹೊಗೆ ಇಲ್ಲ. ಬೆಳಿಗ್ಗೆ ಹಾಕಿದ್ರೆ ಸಂಜೆಗೆ ಬೇಯತ್ತೆ. ಯಾರೋ ತಗೊಂಡು ಹೋಗಿ ವಾಪಸ್ ಕೊಟ್ಟಿದ್ರು. ಅಂಗಡಿ ಓನರ್ ನನಗೆ ಕೊಟ್ಬಿಟ್ರು."

"ಕೆಟ್ಟಿತ್ತಾ?"

"ಇಲ್ಲ. ತುಂಬಾ ನಿಧಾನ ಅಂತ ಕಂಪ್ಲೇಂಟು."

ಅಮ್ಮ ಅದರ ಸುತ್ತ ಒಂದು ಸುತ್ತು ಬಂದಳು. ಮದುವೆಗೆ ಗಂಡು ನೋಡುವ ಹಾಗೆ ನೋಡಿದಳು. "ಬೆಂಕಿ ಇಲ್ದೆ ಬೇಯಿಸ್ತದಾ? ಬೆಳಗಿಂದ ಸಂಜೆವರೆಗೂ? ಇದು ಕುಕ್ಕರ್ ಅಲ್ಲ ಕಣೇ, ಆಮೆ."

ಆ ಭಾನುವಾರ ಆಮೆಗೆ ಮೊದಲ ಅಡುಗೆ. ನಾವು ಮೂವರೂ ಮೇಜಿನ ಸುತ್ತ ಕೂತಿದ್ದೆವು. ಈರುಳ್ಳಿ, ಬೆಳ್ಳುಳ್ಳಿ, ಕ್ಯಾರೆಟ್ಟು, ಆಲೂಗಡ್ಡೆ, ಬೇಯಿಸಿಟ್ಟ ಬೀನ್ಸ್ ಕಾಳು, ಟೊಮೇಟೊ. ಅಮ್ಮನ ಚಾಕು ಹೊರಟರೆ ಕ್ಯಾರೆಟ್ಟಿಗೆ ತಾನು ತುಂಡಾದದ್ದು ಆಮೇಲೆ ತಿಳಿಯುತ್ತಿತ್ತು. ಒಂದೊಂದು ಹಾಕಿದಾಗಲೂ ಅವಳು ಗಟ್ಟಿಯಾಗಿ ಕೂಗುತ್ತಿದ್ದಳು.

"ಈರುಳ್ಳಿ ಹೋಯ್ತು!"

"ಬಿತ್ತು ಬಿತ್ತು," ಎಂದಳು ಚೂಟಿ, ಮೊಬೈಲ್ ನೋಡುತ್ತ, ತಮಾಷೆಗೆ.

"ಕ್ಯಾರೆಟ್ ಹೋಯ್ತು!"

"ಬಿತ್ತು!"

ಪಾಸ್ತಾ ಕೊನೆಗೆ. "ಮೊದ್ಲೇ ಹಾಕಿದ್ರೆ ಗೋಡೆಗೆ ಪೋಸ್ಟರ್ ಅಂಟಿಸ್ಬಹುದು. ಊಟಕ್ಕೆ ಅರ್ಧ ಗಂಟೆ ಇದೆ ಅನ್ನೋವಾಗ ಹಾಕ್ಬೇಕು," ಎಂದಳು ಅಮ್ಮ. ನಿನ್ನೆ ಏನು ತಿಂದೆನೆಂದು ಗೊತ್ತಿರದವಳು ಇದನ್ನು ಮರೆತಿರಲಿಲ್ಲ. ಸಂಜೆ ಮುಚ್ಚಳ ತೆಗೆದಾಗ ಬಂದ ಘಮಕ್ಕೆ, ಸುಳ್ಳಲ್ಲ, ಎದುರು ಕಟ್ಟಡದ ಮೂರನೇ ಮಹಡಿಯಲ್ಲಿ ಸಿಟ್ಟಾಗಿ ಮಲಗಿದ್ದ ಗಂಡ ಎದ್ದು ಹೆಂಡತಿಯ ಹತ್ತಿರ ಮಾತಾಡಿದನಂತೆ. ನನ್ನ ಹೆಂಡತಿ ಎರಡು ಬಟ್ಟಲು ಕುಡಿದಳು. ಮೇಲೆ ಚೀಸ್ ತುರಿದುಕೊಂಡು ಮೂರನೆಯದಕ್ಕೂ ಕೈ ಹಾಕಿದಳು.

"ಅತ್ತೆ ಹೀಗೇ ದಿನಾ ಅಡುಗೆ ಮಾಡ್ಕೊಂಡು ಮನೇಲಿದ್ರೆ, ನನಗೇನು ಅವರನ್ನ ಕಳಿಸೋ ಹುಚ್ಚಾ?" ಎಂದಳು. ನಾನು ಆ ಮಾತನ್ನು ಬಾಚಿ ಜೇಬಿಗೆ ಹಾಕಿಕೊಂಡೆ.

ಸೋಮವಾರ ಸಂಜೆ ಮುಚ್ಚಳ ತೆಗೆದರೆ ಒಳಗೆ ಸೂಪು ಇರಲಿಲ್ಲ, ಗಾರೆ ಇತ್ತು. ಸೌಟು ನೆಟ್ಟಗೆ ನಿಂತಿತ್ತು. ಮನೆಯಲ್ಲಿದ್ದ ಪಾಸ್ತಾ ಪ್ಯಾಕೆಟ್ ಅಷ್ಟೂ ಅದರೊಳಗೆ.

"ಅಮ್ಮಾ, ಎಷ್ಟು ಸಲ ಹಾಕ್ದೆ?"

"ಒಂದೇ ಸಲ. ನನಗೆ ಅಡುಗೆ ಹೇಳ್ಕೊಡ್ತೀಯಾ?"

ಮಂಗಳವಾರ ಉಪ್ಪು. ಬಾಯಿಗಿಟ್ಟರೆ ಮೀನು ಈಜಾಡುವಷ್ಟು ಉಪ್ಪು. ಬುಧವಾರ ಚೂಟಿ ಒಂದೊಂದನ್ನೂ ಅಳತೆ ಮಾಡಿ ಚಿಕ್ಕ ಚಿಕ್ಕ ಡಬ್ಬಿಯಲ್ಲಿಟ್ಟು, ಉಳಿದದ್ದನ್ನು ಕೋಣೆಯ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಅಮ್ಮ ಡಬ್ಬಿಗಳನ್ನೆಲ್ಲ ಸುರಿದಳು, ಖಾಲಿ ಡಬ್ಬಿ ನೋಡಿದಳು, ಪಾಸ್ತಾ ಇಲ್ಲವೆಂದು ಅಂಗಡಿಗೆ ಹೊರಟಳು. ಬರಿಗಾಲಲ್ಲಿ. ಕಣ್ಣಿಗೆ ಕಾಣದಷ್ಟು ದೂರ ಹೋಗಿದ್ದವಳನ್ನು ನಾನು ಹುಡುಕಿ ಕರೆತಂದಾಗ ಪಾದದಿಂದ ರಕ್ತ ಸೋರುತ್ತಿತ್ತು.

ಹೆಂಡತಿ ಬೇಸಿನ್ನಿನಲ್ಲಿ ಬಿಸಿನೀರು ಹಾಕಿ ಅಮ್ಮನ ಕಾಲು ತೊಳೆದಳು. ತೊಳೆಯುತ್ತಲೇ ನನ್ನ ಮೇಲೆ ಹರಿಹಾಯ್ದಳು.

"ನಿಮ್ಮಮ್ಮ ರಸ್ತೇಲಿ ಬಿದ್ದು ಸತ್ರೆ ಆಗ ಯಾವ ಕಥೆ ಹೇಳ್ತೀರಿ ನೀವು? ಹೇಳಿ."

"ಇನ್ನೊಂದು ವಾರ ನೋಡೋಣ."

"ವಾರ ನೋಡೋಣ, ವಾರ ನೋಡೋಣ. ಮೆಷಿನ್ ಮೇಲೆ ಕೂತ್ರೂ ನನ್ನ ಮನಸ್ಸು ಮನೇಲೇ ಇರತ್ತೆ ರೀ. ನಿನ್ನೆ ಸೂಜಿ ಉಗುರೊಳಗೆ ಹೋಯ್ತು. ಯಾರಿಗೆ ಹೇಳ್ಲಿ?"

"ಅಮ್ಮ, ಕಿರಿಚ್ಬೇಡ, ಅಜ್ಜಿ ಕೇಳಿಸ್ಕೊಳ್ತಾಳೆ," ಎಂದಳು ಚೂಟಿ.

"ಕೇಳಿಸ್ಕೊಳ್ಲಿ. ನಾಳೆಗೆ ನೆನಪಿರತ್ತಾ?"

ಅಮ್ಮ ಸೊಸೆಯ ತಲೆಯ ಮೇಲೆ ಕೈಯಿಟ್ಟು, "ಯಾರೇ ನಿನ್ನ ಬೈದೋರು? ಹೇಳು, ಅವರಿಗೆ ಊಟ ಹಾಕಲ್ಲ," ಎಂದಳು. ಹೆಂಡತಿ ಬೇಸಿನ್ ಎತ್ತಿಕೊಂಡು ಬಚ್ಚಲಿಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಮಾರನೆಯ ವಾರ ಒಂದು ದಿನ ಗಾಳಿ ಜೋರಾಗಿ, ಹಗ್ಗ ಇಳಿಸುವುದು ಬೇಡವೆಂದು ಮೇಸ್ತ್ರಿ ಮಧ್ಯಾಹ್ನವೇ ಮನೆಗೆ ಕಳಿಸಿದ. ಮೆಟ್ಟಿಲು ಹತ್ತುವಾಗಲೇ ಅಮ್ಮನ ದನಿ ಕೇಳಿಸಿತು.

"ಆಲೂಗಡ್ಡೆ ಹೋಯ್ತು!"

ಇನ್ನೆರಡು ಮೆಟ್ಟಿಲು ಹತ್ತಿದೆ.

"ಆಲೂಗಡ್ಡೆ ಹೋಯ್ತು! ಯಾರೂ ಇಲ್ವೇನ್ರೋ? ಏ!"

ಕಿಟಕಿಯಿಂದ ನೋಡಿದೆ. ಅಮ್ಮ ಕೈಯಲ್ಲಿ ಖಾಲಿ ಡಬ್ಬಿ ಹಿಡಿದು, ಆಮೆಯ ಆಚೆ ಬದಿಗೆ ಕಿವಿ ಕೊಟ್ಟು ನಿಂತಿದ್ದಳು. ಯಾರೋ ಅಲ್ಲಿ ನಿಂತಿದ್ದಾರೆ, ಈಗ ಮಾತಾಡುತ್ತಾರೆ ಎಂಬಂತೆ. ಸ್ವಲ್ಪ ಹೊತ್ತಾದ ಮೇಲೆ ಅವಳ ಮುಖ ಗೊಂದಲಕ್ಕೆ ಬಿತ್ತು. ಇನ್ನೊಂದು ಆಲೂಗಡ್ಡೆಗಾಗಿ ತಡಕಾಡತೊಡಗಿದಳು.

ನಾನು ಹೊರಗಿನಿಂದಲೇ ಕೂಗಿದೆ. "ಬಿತ್ತು!"

ಅಮ್ಮ ನಿಟ್ಟುಸಿರು ಬಿಟ್ಟು ಮುಚ್ಚಳ ಮುಚ್ಚಿದಳು. ಡಬ್ಬಿ ಬೋರಲು ಹಾಕಿದಳು. ಸ್ಟೂಲಿನ ಮೇಲೆ ಕೂತಳು. ಮತ್ತೆ ಆಲೂಗಡ್ಡೆ ಮುಟ್ಟಲಿಲ್ಲ.

ಒಳಗೆ ಹೋಗಿ ಕೇಳಿದೆ. "ಅಮ್ಮಾ, ಕ್ಯಾಂಟೀನಲ್ಲಿ ಹೀಗೆ ಕೂಗ್ತಿದ್ರಾ?"

"ಕೂಗ್ದೆ? ಹಬೆ ಕಣೋ. ಎದುರಿಗಿರೋರ ಮೂಗೂ ಕಾಣಲ್ಲ. ಹಾಕ್ದೋರು ಹೋಯ್ತು ಅನ್ಬೇಕು, ಆಚೆ ಕಲಕೋರು ಬಿತ್ತು ಅನ್ಬೇಕು. ಬಿತ್ತು ಅನ್ಲಿಲ್ಲ ಅಂದ್ರೆ ಬಿದ್ದಿಲ್ಲ ಅಂತ ಲೆಕ್ಕ. ಒಂದ್ಸಲ ಒಬ್ಬ ಬಾಯಿಗೆ ಎಲೆಅಡಿಕೆ ತುರುಕ್ಕೊಂಡು ಸುಮ್ನಿದ್ದ. ಪಾಳಿಗೆ ಪಾಳಿನೇ ಎರಡು ಸಲ ಉಪ್ಪು ತಿಂತು."

ಅಮ್ಮ ಮರೆತದ್ದಲ್ಲ. ಉತ್ತರಕ್ಕೆ ಕಾದದ್ದು. ನನಗೆ ಹಗ್ಗ ಬಿಟ್ಟು ಹಾರಬೇಕೆನ್ನುವಷ್ಟು ಸಂತೋಷವಾಯಿತು. ಸಂಜೆ ಹೆಂಡತಿಗೂ ಮಗಳಿಗೂ ಹೇಳಿದೆ. ಹೆಂಡತಿ ಒಲೆಯ ತಿರುಗುಣಿಗಳನ್ನು ಮೇಜಿನ ಮೇಲೆ ಸುರಿದು ಅವನ್ನೇ ನೋಡುತ್ತ, "ಸರಿ. ಆ ಬಿತ್ತು ಅನ್ನೋರು ಯಾರು?" ಎಂದಳು. ಸಂತೋಷದ ಮುಚ್ಚಳ ಅಲ್ಲಿಗೆ ಮುಚ್ಚಿಕೊಂಡಿತು.

ಚೂಟಿ ತನ್ನ ಹಳೆಯ ಮೊಬೈಲಿನಲ್ಲಿ ಆಗಾಗ "ಬಿತ್ತು" ಎನ್ನುವಂತೆ ದನಿ ತುಂಬಿಸಿಟ್ಟು ಹೋದಳು. ಸಂಜೆ ಬಂದರೆ ಮೊಬೈಲು ಸೂಪಿನಲ್ಲಿ ಬೆಂದಿತ್ತು.

"ಹಾಕೋಕೆ ಮುಂಚೆನೇ ಬಿತ್ತು ಅಂತಿದ್ದ, ಕಳ್ಳ," ಎಂದಳು ಅಮ್ಮ. "ಅಂಥೋನ್ನ ಕೆಲಸಕ್ಕೆ ಇಟ್ಕೋಬಾರ್ದು."

ಉಳಿದದ್ದು ಒಂದೇ ಬಾಗಿಲು. ನಾನು ಕೆಳಗಿಳಿದು ಹರಾಜಿನ ಮುಂದೆ ಕೈಕಟ್ಟಿ ನಿಂತೆ. ಅವನು ಮಂಡಿನೋವಿನವನು, ದಿನವಿಡೀ ಕಿಟಕಿ ಪಕ್ಕದ ಕುರ್ಚಿಯಲ್ಲೇ ಇರುತ್ತಾನೆ. ನಮ್ಮ ಅಡುಗೆಮನೆಯ ಕಿಟಕಿ ಅವನ ಕಿಟಕಿಯ ನೇರ ಮೇಲಿದೆ.

"ಯಜಮಾನ್ರೇ, ಒಂದು ಉಪಕಾರ. ಮೇಲಿಂದ ಅಮ್ಮ ಕೂಗಿದಾಗ ಬಿತ್ತು ಅನ್ಬೇಕು, ಅಷ್ಟೇ."

"ನನ್ನನ್ನೇನು ಗಿಳಿ ಅಂದ್ಕೊಂಡ್ಯಾ?"

"ಇಲ್ಲ ಅಂದ್ರೆ ಅಮ್ಮನ್ನ ಬೀಗ ಹಾಕೋ ಕಡೆ ಬಿಡ್ಬೇಕು."

"ಬಿಡು. ನನ್ನ ಮನೆ ಸುಡೋದು ತಪ್ಪತ್ತೆ."

ನಾನು ಹೋಗಲಿಲ್ಲ. ಅಲ್ಲೇ ನೆಲದ ಮೇಲೆ ಕೂತೆ. ಕಥೆ ಹೇಳಲಿಲ್ಲ, ಅಳಲೂ ಇಲ್ಲ, ಸುಮ್ಮನೆ ಕೂತೆ. ಹರಾಜು ಪೇಪರ್ ಮಡಚಿದ, ಬಿಡಿಸಿದ, ಮತ್ತೆ ಮಡಚಿದ.

"ಪುಕ್ಕಟೆ ಕೂಗೋಕೆ ನಾನೇನು ಕೋಳಿ ಅಲ್ಲ," ಎಂದ ಕೊನೆಗೆ. "ಸಂಜೆ ಒಂದು ಬಟ್ಟಲು ಸೂಪು. ಪಾಸ್ತಾ ಜಾಸ್ತಿ ಇರ್ಬೇಕು."

ಮಾರನೆಯ ದಿನದಿಂದ ಮೇಲಿಂದ "ಕ್ಯಾರೆಟ್ ಹೋಯ್ತು!" ಎಂದರೆ ಕೆಳಗಿಂದ "ಬಿತ್ತು!" ಎಂದು ಗುಡುಗು ಹೊರಡುತ್ತಿತ್ತು. ಬೀದಿಯ ಗಾಡಿಯವನು ಹೆದರಿ ಬ್ರೇಕ್ ಹಾಕುತ್ತಿದ್ದನಂತೆ. ಅಮ್ಮ ಒಮ್ಮೆ ಹಾಕಿದ್ದನ್ನು ಮತ್ತೆ ಹಾಕಲಿಲ್ಲ, ಮನೆ ಬಿಟ್ಟು ಹೋಗಲಿಲ್ಲ. ಸಂಜೆ ಪಾಸ್ತಾ ಸೂಪು ಪಾಸ್ತಾ ಸೂಪಿನಂತೆಯೇ ಇರುತ್ತಿತ್ತು. ಚೂಟಿ ಒಂದು ಬಟ್ಟಲು ಕೆಳಗೆ ಕೊಟ್ಟು ಬರುತ್ತಿದ್ದಳು.

"ಯಾರಪ್ಪ ಅದು ಕೆಳಗಡೆ ಹೊಸಬ?" ಎಂದು ಅಮ್ಮ ಕೇಳಿದಳು. "ಗಂಟಲು ಚೆನ್ನಾಗಿದೆ. ಪರ್ಮನೆಂಟ್ ಮಾಡ್ಕೊಳ್ರೋ."

ಹೆಂಡತಿಯ ಉಗುರು ವಾಸಿಯಾಗುತ್ತ ಬಂತು. ಹೋಮ್‌ನ ಸುದ್ದಿ ಯಾರೂ ಎತ್ತಲಿಲ್ಲ. ನಾನಂತೂ ಆಮೆ ಗೆದ್ದಿತು ಎಂದು ಕಟ್ಟಡದ ಹನ್ನೊಂದನೇ ಮಹಡಿಯಿಂದ ಕೆಳಗಿನವರಿಗೆಲ್ಲ ಸಾರಿದೆ.

ಹಾಗೆ ಸಾರಿದ ಸಂಜೆಯೇ, ಮನೆಗೆ ಬಂದರೆ, ಹರಾಜು ನಮ್ಮ ಬಾಗಿಲ ಮುಂದೆ ಏದುಸಿರು ಬಿಡುತ್ತ ನಿಂತಿದ್ದ. ಬೆಂಕಿ ಬಿದ್ದ ದಿನ ಬಿಟ್ಟರೆ ಆ ಮಂಡಿ ಇಟ್ಟುಕೊಂಡು ಅವನು ಮೆಟ್ಟಿಲು ಹತ್ತಿದವನಲ್ಲ.

"ಇವತ್ತು ಕೂಗೇ ಇಲ್ಲ ಕಣಪ್ಪ," ಎಂದ. "ಬೆಳಗಿಂದ ಕಿಟಕೀಲೇ ಕೂತಿದೀನಿ. ಊಟಾನೂ ಮಾಡಿಲ್ಲ."

ಒಳಗೆ ಹೋದೆವು. ಅಮ್ಮ ಆಮೆಯ ಪಕ್ಕ ಸ್ಟೂಲಿನ ಮೇಲೆ ಕೂತಿದ್ದಳು. ಡಬ್ಬಿಗಳು ಮುಚ್ಚಿದ್ದು ಮುಚ್ಚಿದ ಹಾಗೇ ಇದ್ದವು. ಪಾಸ್ತಾ ಪ್ಯಾಕೆಟ್ ಒಡೆದಿರಲಿಲ್ಲ. ಮುಚ್ಚಳ ಎತ್ತಿದರೆ ಒಳಗೆ ಬೆಳಿಗ್ಗೆ ಚೂಟಿ ಹಾಕಿಟ್ಟ ನೀರು ಮಾತ್ರ, ಸಣ್ಣಗೆ ಗುಳುಗುಳು ಎನ್ನುತ್ತಿತ್ತು.

"ಅಮ್ಮಾ, ಇವತ್ತು ಪಾಸ್ತಾ ಹೋಯ್ತಾ?"

"ಬಿತ್ತು," ಎಂದಳು ಅಮ್ಮ.

"ಕ್ಯಾರೆಟ್ಟು?"

"ಬಿತ್ತು."

ಚೂಟಿ ಬ್ಯಾಗು ಇಳಿಸದೆ ಅವಳ ಮುಂದೆ ಮಂಡಿಯೂರಿದಳು. "ಅಜ್ಜಿ, ಇಲ್ಲಿ ನೋಡು. ನಾನ್ಯಾರು?"

ಅಮ್ಮ ಅವಳ ಗಲ್ಲ ಸವರಿ, ಬಹಳ ಪ್ರೀತಿಯಿಂದ, "ಬಿತ್ತು," ಎಂದಳು.

ಹೆಂಡತಿ ಬಂದದ್ದು ಆಗ. ಬಸ್ಸಿನಲ್ಲಿರುವಾಗಲೇ ಹೋಮ್‌ನಿಂದ ಫೋನು ಬಂದಿತ್ತಂತೆ. ಹಾಸಿಗೆ ಖಾಲಿಯಾಗಿದೆ, ಬೆಳಗಿನ ಹೊತ್ತಿಗೆ ಹೂಂ ಅಥವಾ ಉಹೂಂ ಹೇಳಬೇಕು, ಹಿಂದೆ ಇನ್ನೊಬ್ಬರು ಕಾಯುತ್ತಿದ್ದಾರೆ. ಅವಳು ನಮ್ಮ ಮುಖ ನೋಡಿದಳು, ಡಬ್ಬಿ ನೋಡಿದಳು, ಮುಚ್ಚಳ ಎತ್ತಿ ನೀರು ನೋಡಿದಳು. ಐದು ಬಟ್ಟಲು ತಂದು ಮೇಜಿನ ಮೇಲಿಟ್ಟಳು.

"ಅತ್ತೆ, ಬಡಿಸಿ."

ಅಮ್ಮ ಎದ್ದು ಸೌಟು ಹಿಡಿದಳು. ಕೈ ಮರೆತಿರಲಿಲ್ಲ, ಒಂದು ತೊಟ್ಟೂ ಚೆಲ್ಲಲಿಲ್ಲ. ನಾವು ಐವರೂ ಬ್ರೆಡ್ಡು ಅದ್ದಿಕೊಂಡು ಬಿಸಿನೀರು ಉಂಡೆವು. ನನ್ನ ಜೀವಮಾನದಲ್ಲಿ ನಾನು ಊದದೆ ಹೇಳುವ ಮಾತು ಇದೊಂದೇ: ನಾನು ಆ ಬಟ್ಟಲು ಖಾಲಿ ಮಾಡಿದೆ.

"ಹೇಗಿದೆ?" ಎಂದಳು ಅಮ್ಮ.

"ಉಪ್ಪು ಒಂಚೂರು ಕಮ್ಮಿ," ಎಂದ ಹರಾಜು, ಪ್ರಪಂಚದಲ್ಲೇ ಮೊದಲ ಬಾರಿ ಮೆಲ್ಲಗೆ.

ಹೆಂಡತಿ ಬಟ್ಟಲು ಕೆಳಗಿಟ್ಟಳು. "ಇವತ್ತು ಎಲ್ಲೂ ಎದ್ದು ಹೋಗಿಲ್ಲ ಅಲ್ವಾ ಅವರು?"

"ಇಲ್ಲ. ಸ್ಟೂಲ್ ಬಿಟ್ಟೇ ಎದ್ದಿಲ್ಲ ಅನ್ಸತ್ತೆ," ಎಂದೆ.

"ಪಾತ್ರೆ ಬಿಸಿ ಇದ್ರೆ ಕಾಯ್ಕೊಂಡು ಕೂರ್ತಾರೆ. ಆದ್ರೆ ಕೂಗ್ದೆ ಇದ್ರೆ ಒಳಗಿದಾರೋ ಹೊರಗಿದಾರೋ ಯಾರಿಗೆ ಗೊತ್ತಾಗತ್ತೆ? ಯಾವತ್ತೋ ಒಂದಿನ ಎದ್ದು ಹೋದ್ರೆ? ನಾನು ಇನ್ನು ಅಷ್ಟು ಧೈರ್ಯ ಎಲ್ಲಿಂದ ತರ್ಲಿ ರೀ?"

ಹರಾಜು ಬಟ್ಟಲಿನ ತಳ ನೋಡುತ್ತಿದ್ದವನು ತಲೆಯೆತ್ತಿದ.

"ಅವರು ಕೂಗದಿದ್ರೇನಮ್ಮ? ನಾನು ಕೂಗ್ತೀನಿ. ಅವರು ಬಿತ್ತು ಅಂದ್ರೆ ಮನೇಲಿದಾರೆ ಅಂತ. ಅನ್ನದಿದ್ರೆ ಮಂಡಿ ಹಾಳಾಗ್ಲಿ, ಬೀದಿಗಿಳೀತೀನಿ."

"ಕೆಳಗಿಂದ ಕೂಗಿದ್ರೂ ಅಂತಾರಾ?"

"ಬೆಳಿಗ್ಗೆ ನೋಡೋಣ."

ಬೆಳಿಗ್ಗೆ ಹೆಂಡತಿ ಆಮೆಗೆ ನೀರು ತುಂಬಿ ಸ್ವಿಚ್ ಹಾಕಿದಳು. ಅಮ್ಮ ಸ್ಟೂಲಿನ ಮೇಲೆ ಕೂತಳು. ನಾವು ಮೂವರೂ ಬಾಗಿಲೆಳೆದುಕೊಂಡು ಇಳಿದು ಮೆಟ್ಟಿಲ ಬುಡದಲ್ಲಿ ನಿಂತೆವು. ಹೆಂಡತಿಯ ಕೈಯಲ್ಲಿ ಫೋನಿತ್ತು, ಅದರಲ್ಲಿ ಹೋಮ್‌ನ ನಂಬರಿತ್ತು. ಹರಾಜು ಕಿಟಕಿಯಿಂದ ಕತ್ತು ಹೊರಗೆ ಹಾಕಿದ.

"ಪಾಸ್ತಾ ಹೋಯ್ತೂ!"

ಗೋಡೆಯ ಸುಣ್ಣ ಉದುರುವಂಥ ಕೂಗು. ಮೇಲಿಂದ ಏನೂ ಬರಲಿಲ್ಲ.

"ಪಾಸ್ತಾ ಹೋಯ್ತು ಕಣಮ್ಮೋ!"

ಬೀದಿ ತುದಿಯಲ್ಲಿ ಹೆಂಡತಿಯ ಬಸ್ಸು ತಿರುಗುವುದು ಕಾಣಿಸಿತು. ಚೂಟಿ ಉಗುರು ಕಚ್ಚುತ್ತಿದ್ದಳು. ಹೆಂಡತಿ ಫೋನಿನ ಗುಂಡಿ ಒತ್ತಿ ಕಿವಿಗಿಟ್ಟಳು. ಆ ಕಡೆ ಯಾರೋ ಎತ್ತಿಕೊಂಡು ಹಲೋ ಅಂದದ್ದು ನನಗೂ ಕೇಳಿಸಿತು.

ಆಗ ಮೇಲಿಂದ, ತೆಳ್ಳಗೆ, ಸ್ವಲ್ಪ ಬೇಸರದಲ್ಲಿ, ಎಷ್ಟು ಸಲ ಹೇಳಬೇಕು ಎಂಬಂತೆ ಬಂತು: "ಬಿತ್ತು."

"ಹಾಸಿಗೆ ಬೇಡಮ್ಮ, ಬೇರೆಯವರಿಗೆ ಕೊಡಿ," ಎಂದು ಹೇಳಿದವಳೇ ನನ್ನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಬಸ್ಸಿನ ಹಿಂದೆ ಓಡಿದಳು.